ಪಾಲ್ ಫಾರ್ಮರ್ ಬಗ್ಗೆ ಓದಿದ ಮೇಲೆ ಶೆಡ್ಡುಗಳಲ್ಲಿ ನಮ್ಮ ಟಿಬಿ ಕೆಲಸ ಬದಲಾಯಿತು. ನಿಮ್ಮ ಅನುಭವ ಹೇಳಿ

ಬೆಳಗಿನ ಬಸ್ಸು (ಭಾನುವಾರ, ಬೆಳಿಗ್ಗೆ 9:10)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಾನು ವರ್ತೂರು ಕಡೆ ಇರುವವಳು. ವಾರವೆಲ್ಲ ಆಫೀಸು. ಎರಡು ವರ್ಷದಿಂದ ಒಂದು ಸಣ್ಣ ಗುಂಪಿನ ಜೊತೆ ಕಟ್ಟಡ ಕೆಲಸದವರ ಶೆಡ್ಡುಗಳಿಗೆ ಹೋಗುತ್ತೇನೆ. ಕೊರೋನಾ ಟೈಮಲ್ಲಿ ರೇಷನ್ ಕಿಟ್ ಹಂಚಲು ಶುರುವಾದ ಗುಂಪು ಅದು. ಈಗ ನಮ್ಮ ಮುಖ್ಯ ಕೆಲಸ ಟಿಬಿ. ಎರಡು ವಾರ ದಾಟಿದರೂ ಕೆಮ್ಮು ಹೋಗದವರನ್ನು ಕಫ ಪರೀಕ್ಷೆಗೆ ಕರೆದುಕೊಂಡು ಹೋಗುತ್ತೇವೆ. ಮಾತ್ರೆ ಶುರುವಾದ ಮೇಲೆ ಆರು ತಿಂಗಳು ಬಿಡದ ಹಾಗೆ ನೋಡಿಕೊಳ್ಳುತ್ತೇವೆ. ಡಾಕ್ಟರು, ಮಾತ್ರೆ ಎಲ್ಲ ಸರ್ಕಾರದ್ದೇ. ನಾವು ನಡುವೆ ಓಡಾಡುವವರು.

ಹೋದ ವರ್ಷ ಮಳೆಗಾಲದಲ್ಲಿ ಒಬ್ಬರ ಮೇಲೆ ನಾನು ಕೂಗಾಡಿಬಿಟ್ಟೆ. ಯಾದಗಿರಿ ಕಡೆಯವರು, ಕಂಬಿ ಕಟ್ಟುವ ಕೆಲಸ. ಎರಡನೇ ತಿಂಗಳಲ್ಲಿ ಮಾತ್ರೆ ನಿಲ್ಲಿಸಿದ್ದರು. ತಗಡಿನ ಗೋಡೆಯ ಮೊಳೆಗೆ ಒಂದು ಪ್ಲಾಸ್ಟಿಕ್ ಕವರ್ ನೇತು ಹಾಕಿದ್ದರು. ಅದರಲ್ಲಿ ಮಾತ್ರೆ ಶೀಟುಗಳು ಹಾಗೇ ಇದ್ದವು. ಕೆಳಗೆ ಕೂತು ಎಣಿಸಿದೆ. ಹನ್ನೊಂದು ದಿನದ್ದು ಮುಟ್ಟಿಯೇ ಇರಲಿಲ್ಲ. "ನಿಮಗೆ ಮಕ್ಕಳು ಬೇಡ್ವಾ? ಎಷ್ಟು ಸಲ ಹೇಳಬೇಕು?" ಅಂತ ಅಕ್ಕಪಕ್ಕದವರ ಮುಂದೆಯೇ ಕೇಳಿದೆ. ಅವರು ತಲೆ ಎತ್ತಲಿಲ್ಲ. ಒಲೆ ಹತ್ತಿರ ಕೂತಿದ್ದ ಅವರ ಹೆಂಡತಿ ಮೆಲ್ಲಗೆ ಹೇಳಿದರು: "ಹೊಟ್ಟ್ಯಾಗ ಏನರ ಇದ್ರ ಗುಳಿಗಿ ನಿಲ್ತಾವ್ರೀ ಅಕ್ಕಾರ. ಬರೇ ಹೊಟ್ಟಿಲೆ ನುಂಗಿದ್ರ ಎಲ್ಲಾ ಕಾರ್ಕೊಂತಾರ."

ಮಳೆ ಹಿಡಿದು ಎಂಟು ದಿನ ಕೆಲಸ ಇರಲಿಲ್ಲ. ಕೆಲಸ ಇಲ್ಲದ ದಿನ ಕೂಲಿಯೂ ಇಲ್ಲ. ಜೋಳದ ಹಿಟ್ಟಿನ ಡಬ್ಬದ ತಳ ಕಾಣುತ್ತಿತ್ತು. ಇದ್ದ ರೊಟ್ಟಿ ಮಕ್ಕಳಿಗೆ. ನಾನು ಎರಡು ತಿಂಗಳಿಂದ ಆ ಮನೆಗೆ ಹೋಗುತ್ತಿದ್ದೆ. ಪ್ರತಿ ಸಲ ಮಾತ್ರೆ ಎಣಿಸುತ್ತಿದ್ದೆ. ಊಟ ಆಯ್ತಾ ಅಂತ ಒಂದು ಸಲವೂ ಕೇಳಿರಲಿಲ್ಲ.

ಆ ವಾರವೇ ನಮ್ಮ ಗುಂಪಿನ ಹಿರಿಯರೊಬ್ಬರು ಡಾ. ಪಾಲ್ ಫಾರ್ಮರ್ ಬಗ್ಗೆ ಓದು ಅಂದರು. ಅಮೆರಿಕದವರು, 1959ರಲ್ಲಿ ಹುಟ್ಟಿದವರು. ಮೆಡಿಕಲ್ ಓದಲು ಸೇರುವ ಮೊದಲೇ, 1983ರಲ್ಲಿ ಹೈಟಿ ದೇಶಕ್ಕೆ ಹೋದರು. ಅಲ್ಲಿ ಕಾಂಜ್ ಅನ್ನುವ ಊರು. ಪೆಲಿಗ್ರ್ ಅಣೆಕಟ್ಟು ಕಟ್ಟಿದಾಗ ಹೊಲ ಗದ್ದೆ ಎಲ್ಲ ನೀರಲ್ಲಿ ಮುಳುಗಿ, ಜನ ಬೋಳು ಗುಡ್ಡದ ಮೇಲೆ ಬಂದು ಕೂತಿದ್ದ ಜಾಗ ಅದು. ಕಾಯಿಲೆ ನೋಡಲು ಹೋದ ಫಾರ್ಮರ್, ಆ ಬಡತನ ಎಲ್ಲಿಂದ ಬಂತು ಅಂತ ಆ ಅಣೆಕಟ್ಟಿನವರೆಗೂ ಹುಡುಕಿಕೊಂಡು ಹೋದರು. ಈ ಗುಣ ನನಗೆ ತುಂಬಾ ಹಿಡಿಸಿತು.

1988ರ ಕೊನೆಯಲ್ಲಿ ಅವರ ಮೂವರು ಟಿಬಿ ರೋಗಿಗಳು ತೀರಿಕೊಂಡರು. ಮಾತ್ರೆ ಇತ್ತು, ಉಚಿತವಾಗಿಯೇ ಕೊಡುತ್ತಿದ್ದರು. ಆದರೂ ಹೋದರು. ಯಾಕೆ ಅಂತ ಎಲ್ಲರನ್ನೂ ಕೂರಿಸಿ ಸಭೆ ಮಾಡಿದರು. ಓದಿದ ಸಿಬ್ಬಂದಿ, ಜನ ಮಾಟ ಮಂತ್ರ ನಂಬುತ್ತಾರೆ, ಸ್ವಲ್ಪ ಗುಣವಾದ ತಕ್ಷಣ ಮಾತ್ರೆ ಬಿಡುತ್ತಾರೆ ಅಂದರು. ಅದೇ ಊರಿನ ಆರೋಗ್ಯ ಕಾರ್ಯಕರ್ತರು ಒಪ್ಪಲಿಲ್ಲ. ತಿನ್ನಲು ಇಲ್ಲದವನಿಗೆ ಮಾತ್ರೆ ಹೇಗೆ ಹಿಡಿಸುತ್ತೆ ಅಂತ ಅವರ ವಾದ.

ಫಾರ್ಮರ್ ಯಾರ ಪರವಾಗಿಯೂ ತೀರ್ಪು ಕೊಡಲಿಲ್ಲ. ಪರೀಕ್ಷೆ ಮಾಡಿ ನೋಡಿದರು. ಒಂದು ಗುಂಪಿಗೆ ಬರೀ ಉಚಿತ ಮಾತ್ರೆ. ಇನ್ನೊಂದಕ್ಕೆ ಮಾತ್ರೆಯ ಜೊತೆಗೆ ತಿಂಗಳಿಗೆ ಸ್ವಲ್ಪ ದುಡ್ಡು, ಊಟಕ್ಕೆ ಓಡಾಟಕ್ಕೆ ಅಂತ, ಮೇಲೆ ಮನೆಗೇ ಬಂದು ನೋಡುವ ಕಾರ್ಯಕರ್ತರು. ಎರಡನೇ ಗುಂಪಿನಲ್ಲಿ ಎಲ್ಲರೂ ಗುಣವಾದರು. ಮೊದಲನೆಯದರಲ್ಲಿ ಸುಮಾರು ಅರ್ಧ. ಮಾಟ ನಂಬುತ್ತಾರೋ ಇಲ್ಲವೋ ಅನ್ನುವುದರಿಂದ ಏನೂ ವ್ಯತ್ಯಾಸ ಆಗಲಿಲ್ಲ.

ಹೈಟಿಯಲ್ಲಿ ಒಂದು ಮಾತಿದೆಯಂತೆ. ಕೈ ತೊಳೆದು ನೆಲದ ಮಣ್ಣಿಗೆ ಒರೆಸಿಕೊಂಡ ಹಾಗೆ ಅಂತ. ಊಟ ಕೊಡದೆ ಟಿಬಿ ಮಾತ್ರೆ ಕೊಡುವುದಕ್ಕೆ ಅಲ್ಲಿನವರು ಅದನ್ನೇ ಹೇಳುತ್ತಿದ್ದರು. ಓದುವಾಗ ನನಗೆ ಕಾಣಿಸಿದ್ದು ಆ ಮೊಳೆ, ಆ ಪ್ಲಾಸ್ಟಿಕ್ ಕವರ್.

ಮಾರನೇ ದಿನ ಹೋಗಿ ಅವರಿಬ್ಬರ ಹತ್ತಿರ ತಪ್ಪಾಯ್ತು ಅಂದೆ. ಈಗ ನಮ್ಮ ಗುಂಪು ಪ್ರತಿ ರೋಗಿಯ ಮನೆಗೆ ತಿಂಗಳಿಗೆ ಜೋಳ ಅಥವಾ ಅಕ್ಕಿ, ತೊಗರಿಬೇಳೆ, ಕಡಲೆಬೀಜ, ಎಣ್ಣೆ ತಲುಪಿಸುತ್ತದೆ. ಮೊಟ್ಟೆ ವಾರವಾರ. ಮಾತ್ರೆ ಆಮೇಲೆ ನೋಡುತ್ತೇವೆ, ಮೊದಲು ಡಬ್ಬ.

ಇಲ್ಲಿ ತುಂಬಾ ಜನ ಸೇವೆಯ ಕೆಲಸದಲ್ಲಿ ಇದ್ದೀರಿ. ನಿಮ್ಮನ್ನು ಹೀಗೆ ತಿದ್ದಿದ ಡಾಕ್ಟರು ಯಾರಾದರೂ ಇದ್ದಾರಾ?

ಹನುಮಂತನಗರ ಓದುಗ (ಭಾನುವಾರ, ಬೆಳಿಗ್ಗೆ 10:02)

ಮೇಡಂ, ಓದಿ ಮನಸ್ಸು ತುಂಬಿ ಬಂತು. ಒಂದು ಪ್ರಶ್ನೆ, ತಪ್ಪು ತಿಳಿಯಬೇಡಿ. ನಾವು ಒಂದು ಬಡಾವಣೆಯಲ್ಲಿ ರೇಷನ್ ಕೊಡಲು ಶುರು ಮಾಡಿ, ಒಂದು ವರ್ಷದ ಮೇಲೆ ದುಡ್ಡು ಸಾಲದೆ ನಿಲ್ಲಿಸಿದೆವು. ನಿಲ್ಲಿಸಿದ ದಿನ ಅವರ ಮುಖ ನೋಡಲು ಆಗಲಿಲ್ಲ. ಹಾಗೆ ನಡುವೆ ಕೈ ಬಿಡುವ ಬದಲು ಶುರು ಮಾಡದೇ ಇರುವುದೇ ಮೇಲಲ್ವಾ?

ನಿವೃತ್ತ ಲ್ಯಾಬಿನವ (ಭಾನುವಾರ, ಮಧ್ಯಾಹ್ನ 12:35)

ಮೂವತ್ತು ವರ್ಷ ಸರ್ಕಾರಿ ಲ್ಯಾಬಿನಲ್ಲಿ ಕಫ ನೋಡಿದವನು ನಾನು. ಗಾಜಿನ ಮೇಲೆ ಕಫ ಸವರಿ, ಬಣ್ಣ ಹಾಕಿ, ಬಿಸಿ ಮಾಡಿ, ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ನೀಲಿ ನೆಲದ ಮೇಲೆ ಕೆಂಪು ಕಡ್ಡಿಗಳ ಹಾಗೆ ಕಾಣುತ್ತವೆ. ಒಂದೇ ಒಂದು ಕಡ್ಡಿ ಕಂಡರೂ ಎದೆ ಧಸಕ್ ಅನ್ನುತ್ತಿತ್ತು. ಆ ಗಾಜಿನ ಹಿಂದೆ ಇರುವ ಮನುಷ್ಯ ಮಾತ್ರ ನಮಗೆ ಕಾಣುತ್ತಿರಲಿಲ್ಲ. ಒಂದು ನಂಬರ್ ಅಷ್ಟೇ. ಬೆಳಗಿನ ಬಸ್ಸು ಅವರು ಬರೆದದ್ದು ಓದಿ ಇದೆಲ್ಲ ನೆನಪಾಯಿತು.

ಇದಕ್ಕೆ ಹೈಟಿಗೇ ಹೋಗಬೇಕಿಲ್ಲ. ನಮ್ಮ ಬಳ್ಳಾರಿ ರಸ್ತೆಯಲ್ಲೇ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರದ್ದು. ಇಡೀ ದೇಶದ ಟಿಬಿ ಕಾರ್ಯಕ್ರಮದ ನಕ್ಷೆ ತಯಾರಾದದ್ದು ಅಲ್ಲಿ. ಎಷ್ಟೋ ಜನ ದಿನಾ ಬಸ್ಸಲ್ಲಿ ಅದರ ಮುಂದೆಯೇ ಹೋಗುತ್ತಾರೆ, ಗೊತ್ತೇ ಇರುವುದಿಲ್ಲ. ಅಲ್ಲಿ ಕೆಲಸ ಮಾಡುತ್ತಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದರು. 1963ರಲ್ಲಿ ಅದು ಪ್ರಕಟವಾಯಿತು. ಹಳ್ಳಿಯವರಿಗೆ ತಿಳುವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರಲ್ಲ ಅಂತ ಎಲ್ಲರೂ ನಂಬಿದ್ದ ಕಾಲ. ಇವರು ಮನೆ ಮನೆಗೆ ಹೋಗಿ ಕೇಳಿದರೆ ಬೇರೆಯೇ ಕಥೆ. ಟಿಬಿ ಇದ್ದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಗಲೇ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಒಂದು ಬಾಟಲಿ.

ಅಂದ್ರೆ ಜನ ಬಂದಿದ್ದರು. ನಾವೇ ವಾಪಸ್ ಕಳಿಸಿದ್ದೆವು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯರೊಬ್ಬರು ನನಗೆ ಇದನ್ನು ಹೇಳಿದ್ದರು. ಆಗ ತಲೆಗೆ ಹೋಗಲಿಲ್ಲ.

ಹನುಮಂತನಗರದ ಸಾರ್ ಕೇಳಿದ್ದಕ್ಕೆ ನನಗೆ ತಿಳಿದಷ್ಟು ಹೇಳುತ್ತೇನೆ. ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಅವರ ತಂಡ ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ದೊಡ್ಡ ಅಧ್ಯಯನ ಮಾಡಿದರು, 2023ರಲ್ಲಿ ಹೊರಬಂತು. ಟಿಬಿ ರೋಗಿಗಳಿಗೆ ತಿಂಗಳಿಗೆ 10 ಕೆಜಿಯ ಆಹಾರದ ಚೀಲ. ಅರ್ಧದಷ್ಟು ಕಡೆ ಮನೆಯ ಉಳಿದವರಿಗೂ ತಲಾ 5 ಕೆಜಿ ಅಕ್ಕಿ, ಒಂದೂವರೆ ಕೆಜಿ ಬೇಳೆ. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬರುವುದು ಶೇ. 39ರಷ್ಟು ಕಡಿಮೆಯಾಯಿತು. ಇನ್ನೊಬ್ಬರಿಗೆ ಹರಡುವಂಥ ಟಿಬಿ ಶೇ. 48ರಷ್ಟು. ಅಕ್ಕಿ ಬೇಳೆಯಿಂದ! ನಾನಂತೂ ಇದನ್ನು ಔಷಧಿ ಅಂತಲೇ ಕರೆಯುತ್ತೇನೆ. ಆರು ತಿಂಗಳ ಔಷಧಿಗೆ ಆರು ತಿಂಗಳ ಊಟ. ಎಲ್ಲಿ ನಿಲ್ಲಿಸಬೇಕು ಅನ್ನುವುದು ಶುರು ಮಾಡುವಾಗಲೇ ಗೊತ್ತಿರುತ್ತೆ.

ಹನುಮಂತನಗರ ಓದುಗ (ಭಾನುವಾರ, ಮಧ್ಯಾಹ್ನ 1:15)

ಸಾರ್, ಇದು ನಾವು ಯೋಚನೆ ಮಾಡಿರಲಿಲ್ಲ. ಎಷ್ಟು ಮನೆಗೆ ಅಂತ ಲೆಕ್ಕ ಹಾಕಿದ್ದೆವು, ಎಷ್ಟು ತಿಂಗಳು ಅಂತ ಹಾಕಲಿಲ್ಲ. ಧನ್ಯವಾದ.

ಎರಡು ಜಡೆ (ಭಾನುವಾರ, ಸಂಜೆ 6:48)

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಬೆಂಗಳೂರಿಂದ ಸಾಮಾನು ತೆಗೆದುಕೊಂಡು ಹೋದವರಲ್ಲಿ ನಾನೂ ಒಬ್ಬಳು. ಆಮೇಲೆ ಮೂರು ವರ್ಷ ಒಂದಲ್ಲ ಒಂದು ಪರಿಹಾರ ಕೆಲಸ. ಆ ಟೈಮಲ್ಲಿ ಇಂಥ ದೊಡ್ಡ ಡಾಕ್ಟರುಗಳ ಜೀವನ ತುಂಬಾ ಓದಿದೆ. ಫಾರ್ಮರ್ ಬಗ್ಗೆಯೂ. ಒಬ್ಬ ರೋಗಿ ಮಾತ್ರೆಗೆ ಬರಲಿಲ್ಲ ಅಂತ ಗಂಟೆಗಟ್ಟಲೆ ಬೆಟ್ಟ ಹತ್ತಿ ಹೋಗುತ್ತಿದ್ದರು. ನಿದ್ದೆ ಕಡಿಮೆ. ಮನೆಯವರ ಜೊತೆ ಇರುವುದು ಕಡಿಮೆ. 2022ರ ಫೆಬ್ರವರಿಯಲ್ಲಿ ರುವಾಂಡಾದ ಬುಟಾರೊದಲ್ಲಿ, ತಾವು ಕಟ್ಟಲು ನೆರವಾದ ಆಸ್ಪತ್ರೆ ಇರುವ ಊರಲ್ಲೇ ತೀರಿಕೊಂಡಾಗ ಅವರಿಗೆ ಬರೀ 62.

ಓದಿ ಓದಿ ನನಗೆ ಬಂದದ್ದು ಸ್ಫೂರ್ತಿ ಅಲ್ಲ, ನಾನು ಏನೂ ಮಾಡುತ್ತಿಲ್ಲ ಅನ್ನುವ ಸಂಕಟ. ರಾತ್ರಿ ಊಟಕ್ಕೆ ಕೂತರೆ ಕ್ಯಾಂಪಿನಲ್ಲಿ ನೋಡಿದ ಮುಖಗಳು. ಮಗಳಿಗೆ ಜಡೆ ಹಾಕುವಾಗಲೂ ಫೋನು. ಒಂದು ದಿನ ಅವಳೇ ನನ್ನ ಕೈಯಿಂದ ಬಾಚಣಿಗೆ ತೆಗೆದುಕೊಂಡು ಅಜ್ಜಿ ಹತ್ತಿರ ಹೋದಳು. ಅವತ್ತು ಎಲ್ಲ ಬಿಟ್ಟೆ. ಎರಡು ವರ್ಷ ಯಾವ ಕೆಲಸಕ್ಕೂ ಹೋಗಲಿಲ್ಲ. ಹೊಸಬರಿಗೆ ಇಂಥ ಜೀವನ ಚರಿತ್ರೆ ಕೊಡುವ ಮುಂಚೆ ಇದನ್ನೂ ಹೇಳಬೇಕು ಅಂತ ನನ್ನ ಅನಿಸಿಕೆ.

ಬೆಳಗಿನ ಬಸ್ಸು (ಭಾನುವಾರ, ರಾತ್ರಿ 9:30)

ಎರಡು ಜಡೆ ಅಕ್ಕ, ಇದನ್ನು ಬರೆದದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ. ಎರಡು ಸಲ ಓದಿದೆ.

ಅವರ ಹಾಗೆ ನಡೆಯಲು ನನ್ನ ಕೈಲಿ ಆಗಲ್ಲ. ಮನೆಯಲ್ಲಿ ಅತ್ತೆಗೆ ಹುಷಾರಿಲ್ಲ, ನನಗೆ ಸಿಗುವುದು ವಾರಕ್ಕೆ ಎರಡು ಬೆಳಗ್ಗೆ, ಒಂದು ಭಾನುವಾರ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಓಡಾಟ ಅಲ್ಲ, ಹೈಟಿಯಲ್ಲಿ ಅವರು ಕಟ್ಟಿದ ಪದ್ಧತಿ. ಅದೇ ಊರಿನ ಜನರನ್ನು, ಹೆಚ್ಚು ಓದದವರನ್ನೂ ಸೇರಿಸಿ, ಸಂಬಳ ಕೊಟ್ಟು, ರೋಗಿಗಳ ಮನೆಗೆ ದಿನಾ ಕಳಿಸುತ್ತಿದ್ದರು. ಜೊತೆಗೆ ಹೋಗುವವರು ಅಂತ ಅರ್ಥ ಬರುವ ಹೆಸರು ಅವರಿಗೆ. ಮಾತ್ರೆ ನುಂಗಿದರಾ ಅಂತ ನೋಡುವುದು, ಸ್ವಲ್ಪ ಹೊತ್ತು ಕೂತು ಮಾತಾಡುವುದು, ಸೂರು ಸೋರುತ್ತಿದ್ದರೆ ಬಂದು ಹೇಳುವುದು. 1998ರಿಂದ ಎಚ್‌ಐವಿ ಚಿಕಿತ್ಸೆಯನ್ನೂ ಹೀಗೇ ನಡೆಸಿದರು. ಬಡ ದೇಶದಲ್ಲಿ ಆ ಚಿಕಿತ್ಸೆ ಆಗುವ ಮಾತೇ ಅಲ್ಲ ಅಂತ ದೊಡ್ಡ ದೊಡ್ಡವರು ಹೇಳುತ್ತಿದ್ದ ಕಾಲ ಅದು.

ಫಾರ್ಮರ್ ಒಬ್ಬರೇ ಎಲ್ಲ ಬೆಟ್ಟ ಹತ್ತಿದ್ದರೆ ಅವರು ಹೋದ ದಿನವೇ ಕೆಲಸವೂ ನಿಲ್ಲುತ್ತಿತ್ತು. ಹಾಗೆ ಆಗಲಿಲ್ಲ. 1987ರಲ್ಲಿ ಗೆಳೆಯರ ಜೊತೆ ಶುರು ಮಾಡಿದ ಪಾರ್ಟ್‌ನರ್ಸ್ ಇನ್ ಹೆಲ್ತ್ ಈಗಲೂ ನಡೆಯುತ್ತಿದೆ. 2010ರ ಭೂಕಂಪ ಆದ ಮೇಲೆ ಮಿರ್ಬಲೆಯಲ್ಲಿ ಕಟ್ಟಿದ ದೊಡ್ಡ ಬೋಧನಾ ಆಸ್ಪತ್ರೆಯಲ್ಲಿ ಹೈಟಿಯ ಡಾಕ್ಟರುಗಳೇ ತಯಾರಾಗುತ್ತಿದ್ದರು.

ಅದಕ್ಕೇ ನಮ್ಮ ಗುಂಪಿನಲ್ಲಿ ಈಗ ಒಬ್ಬರಿಗೆ ಇಬ್ಬರೇ ರೋಗಿಗಳು. ಮೂರನೆಯವರು ಬಂದರೆ ಇನ್ನೊಬ್ಬರನ್ನು ಹುಡುಕುತ್ತೇವೆ. ನೀವು ಮಗಳ ಬಗ್ಗೆ ಬರೆದದ್ದನ್ನು ಹೊಸಬರಿಗೆ ಓದಿ ಹೇಳಬಹುದಾ? ಹೆಸರು ಹೇಳುವುದಿಲ್ಲ.

ಎರಡು ಜಡೆ (ಭಾನುವಾರ, ರಾತ್ರಿ 10:05)

ಖಂಡಿತ ಹೇಳಿ. ಮಗಳಿಗೆ ಈಗ ಹದಿಮೂರು. ಜಡೆ ನಾನೇ ಹಾಕುತ್ತೇನೆ.

ಮೀಟರ್ ಆಟೋ (ಸೋಮವಾರ, ಬೆಳಿಗ್ಗೆ 5:55)

ನಾನು ಯಶವಂತಪುರದಲ್ಲಿ ಆಟೋ ಓಡಿಸುತ್ತೇನೆ. ಬರೆದು ಅಭ್ಯಾಸ ಇಲ್ಲ, ತಪ್ಪಿದ್ದರೆ ಕ್ಷಮಿಸಿ. ನನಗೇ ಟಿಬಿ ಆಗಿತ್ತು, ಆರು ವರ್ಷದ ಹಿಂದೆ.

ಮೊದಲು ಒಂದು ಪ್ರೈವೇಟ್ ಆಸ್ಪತ್ರೆಗೆ ಹೋದೆ. ಎಕ್ಸ್‌ರೇ, ಸ್ಕ್ಯಾನು, ಸಿರಪ್ಪು. ಎರಡು ತಿಂಗಳು ಅಲೆದಾಡಿಸಿದರು. ಆಟೋ ಸಾಲದ ಕಂತು ನಿಂತುಹೋಯಿತು. ಆಮೇಲೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ನೋಡಿ ಟಿಬಿ ಅಂದರು. ಮಾತ್ರೆ ತಿಂದ ಮೊದಲ ದಿನ ಮೂತ್ರ ಕೆಂಪು ಕಿತ್ತಳೆ ಬಣ್ಣ. ರಕ್ತ ಬಂತು ಅಂತ ನಾನು ಬಾತ್‌ರೂಮಲ್ಲೇ ಗೋಡೆ ಹಿಡಿದು ಕೂತುಬಿಟ್ಟೆ. ಹೆಂಡತಿಗೂ ಹೇಳಲಿಲ್ಲ. ಮಾರನೇ ದಿನ ಮಾತ್ರೆ ಮುಟ್ಟಲಿಲ್ಲ.

ನಮ್ಮ ಏರಿಯಾ ಆಶಾ ಅಕ್ಕ ಬಂದರು. ಯಾಕಪ್ಪಾ ತಗೊಂಡಿಲ್ಲ ಅಂತ ಕೇಳಿದರು, ಬೈಯಲಿಲ್ಲ. ಬಾಗಿಲು ಹಾಕಿ ಮೆಲ್ಲಗೆ ಹೇಳಿದೆ. ಅವರು, "ಅದು ಮಾತ್ರೆ ಬಣ್ಣ ಕಣಪ್ಪಾ, ಎಲ್ಲರಿಗೂ ಹಂಗೇ ಬರ್ತದೆ, ಮಾತ್ರೆ ಒಳಗೆ ಕೆಲಸ ಮಾಡ್ತಾ ಇದೆ" ಅಂದರು. ನನಗೆ ಅಳು ಬಂತು. ಈ ಒಂದು ಮಾತು ಮೊದಲೇ ಯಾರಾದರೂ ಹೇಳಿದ್ದರೆ ಆ ರಾತ್ರಿ ಅಷ್ಟು ಹೆದರುತ್ತಿರಲಿಲ್ಲ. ಮೇಡಂ, ನಿಮ್ಮವರಿಗೆ ಮೊದಲ ದಿನವೇ ಇದನ್ನು ಹೇಳಿ, ದಯವಿಟ್ಟು.

ಸ್ಟ್ಯಾಂಡಿನಲ್ಲಿ ಗೆಳೆಯರು ನನ್ನ ಜೊತೆ ಟೀ ಕುಡಿಯುವುದು ಬಿಟ್ಟಿದ್ದರು. ಆಶಾ ಅಕ್ಕ ಒಂದು ದಿನ ಸ್ಟ್ಯಾಂಡಿಗೇ ಬಂದು, ಎಲ್ಲರ ಮುಂದೆ ನನ್ನ ಜೊತೆ ನಿಂತು ಬೈ ಟೂ ಟೀ ಕುಡಿದರು. ಅಷ್ಟು ಹೊತ್ತಿಗೆ ಮಾತ್ರೆ ಶುರುವಾಗಿ ಮೂರು ತಿಂಗಳಾಗಿತ್ತು, ನನ್ನಿಂದ ಯಾರಿಗೂ ಹರಡುತ್ತಿರಲಿಲ್ಲ. ಯಾರಿಗೂ ಏನೂ ಭಾಷಣ ಮಾಡಲಿಲ್ಲ ಅವರು. ಕುಡಿದು, ಲೋಟ ಇಟ್ಟು ಹೋದರು.

ನನಗೆ ಆ ಅಮೆರಿಕದ ಡಾಕ್ಟರು ಗೊತ್ತಿರಲಿಲ್ಲ. ನಿನ್ನೆ ರಾತ್ರಿ ಇದನ್ನು ಓದಿ ಆಶಾ ಅಕ್ಕನಿಗೆ ಫೋನ್ ಮಾಡಿದೆ.

ಸಂಪಿಗೆ ಮರ (ಸೋಮವಾರ, ಬೆಳಿಗ್ಗೆ 11:20)

ಆಟೋ ಅಣ್ಣ ಬರೆದದ್ದರ ಮುಂದೆ ನಾವು ಬರೆಯುವುದೆಲ್ಲ ಸಣ್ಣದು. ಆದರೂ ಚಾಮರಾಜನಗರ ಜಿಲ್ಲೆಯವನಾಗಿ ಡಾ. ಎಚ್. ಸುದರ್ಶನ್ ಹೆಸರು ಹೇಳದೆ ಹೋಗಲು ಮನಸ್ಸಿಲ್ಲ.

ಬೆಂಗಳೂರಿನ ಯಮಲೂರಿನವರು. ಬೆಳಗಿನ ಬಸ್ಸು ಅವರ ವರ್ತೂರಿನಿಂದ ದೂರ ಏನಿಲ್ಲ. ಹನ್ನೆರಡನೇ ವಯಸ್ಸಿನಲ್ಲಿ, ಸರಿಯಾದ ಚಿಕಿತ್ಸೆ ಸಿಗದೆ ತಂದೆ ತೀರಿಕೊಂಡಿದ್ದನ್ನು ಕಂಡವರು. ಬೆಂಗಳೂರು ಮೆಡಿಕಲ್ ಕಾಲೇಜಿನಲ್ಲಿ ಓದಿ 1973ರಲ್ಲಿ ಡಾಕ್ಟರಾದರು. ಅವರಿಗೂ ಸ್ಫೂರ್ತಿ ಬೇರೆಯವರ ಜೀವನವೇ: ಆಫ್ರಿಕಾದಲ್ಲಿ ಆಸ್ಪತ್ರೆ ಕಟ್ಟಿದ ಆಲ್ಬರ್ಟ್ ಶ್ವೈಟ್ಜರ್, ಮತ್ತೆ ವಿವೇಕಾನಂದರು. ಬಿಳಿಗಿರಿರಂಗನ ಬೆಟ್ಟಕ್ಕೆ ಬಂದು ಸೋಲಿಗರ ಮಧ್ಯೆ ಉಳಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು.

ಅವರ ವಿಷಯದಲ್ಲಿ ನನಗೆ ದೊಡ್ಡದು ಅನಿಸುವುದು ಪ್ರಶಸ್ತಿಗಳಲ್ಲ. 1994ರಲ್ಲಿ ರೈಟ್ ಲೈವ್ಲಿಹುಡ್ ಬಂತು, 2000ದಲ್ಲಿ ಪದ್ಮಶ್ರೀ, ಸಂತೋಷವೇ. ಆದರೆ ಕಲಿಸಲು ಹೋದವರು ಕಲಿತುಕೊಂಡು ಬಂದರು. ಸೋಲಿಗ ಹೆಂಗಸರು ಕುಕ್ಕರಗಾಲಲ್ಲಿ ಕೂತು ಹೆರುತ್ತಿದ್ದರು. ಮಲಗಿಸಿ ಹೆರಿಗೆ ಮಾಡಿಸುವುದನ್ನೇ ಓದಿದ್ದ ಡಾಕ್ಟರು, ಇದೇ ಸಲೀಸು ಅಂತ ಒಪ್ಪಿಕೊಂಡರು. ಎಷ್ಟು ಡಾಕ್ಟರಿಗೆ ಆ ಮನಸ್ಸು ಬರುತ್ತೆ? ಆಮೇಲೆ ಕರುಣಾ ಟ್ರಸ್ಟ್ ಕಟ್ಟಿ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗದ ಕೆಲಸ ಮಾಡಿದರು. ಬರೀ ಮಾತ್ರೆ ಕೊಟ್ಟು ಬಿಡಲಿಲ್ಲ, ಶಾಲೆ, ಕೆಲಸ, ಕಾಡಿನ ಜೇನು ನೆಲ್ಲಿಕಾಯಿಗೆ ಸರಿಯಾದ ಬೆಲೆ ಎಲ್ಲದರ ಹಿಂದೆಯೂ ಹೋದರು. ಕಾಂಜ್‌ನ ಅಣೆಕಟ್ಟಿನ ಕಥೆ ಓದುವಾಗ ನನಗೆ ನೆನಪಾದದ್ದು ಇದು.

ಫಾರಂ ತುಂಬುವವಳು (ಸೋಮವಾರ, ಮಧ್ಯಾಹ್ನ 3:40)

ಒಂದು ಉಪಯೋಗದ ಮಾತು. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಟಿಬಿ ರೋಗಿಗೆ ಊಟಕ್ಕೆ ಅಂತ ಸರ್ಕಾರವೇ ದುಡ್ಡು ಕೊಡುತ್ತೆ. 2018ರಲ್ಲಿ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000. ಶೆಡ್ಡಿನವರಿಗೆ ಇದು ತಪ್ಪಿಹೋಗುವುದು ಸಣ್ಣ ಕಾರಣಕ್ಕೆ. ಖಾತೆ ಊರಲ್ಲಿರುತ್ತೆ, ಪಾಸ್‌ಬುಕ್ ಅಣ್ಣನ ಹತ್ತಿರ, ಆಧಾರ್‌ಗೆ ಕೊಟ್ಟ ಫೋನ್ ನಂಬರ್ ಯಾವತ್ತೋ ಬಂದ್ ಆಗಿರುತ್ತೆ. ನಾನು ಮೊದಲ ವಾರವೇ ಇದನ್ನೆಲ್ಲ ನೋಡಿಬಿಡುತ್ತೇನೆ. ಪೋಸ್ಟ್ ಆಫೀಸಿನಲ್ಲಿ ಹೊಸ ಖಾತೆ ಮಾಡಿಸುವುದು ಸುಲಭ. ಕೆಲಸ ಮುಗಿದು ಊರಿಗೆ ಹೊರಟರೆ ಅಲ್ಲಿನ ಆಸ್ಪತ್ರೆಗೆ ವರ್ಗಾವಣೆ ಮಾಡಿಸಿ ಕಳಿಸಿ. ಹಬ್ಬಕ್ಕೆ ಊರಿಗೆ ಹೋದವರ ಮಾತ್ರೆಯೇ ಜಾಸ್ತಿ ನಿಲ್ಲುವುದು.

ಬೆಳಗಿನ ಬಸ್ಸು (ಸೋಮವಾರ, ರಾತ್ರಿ 9:50)

ಎಲ್ಲರಿಗೂ ಧನ್ಯವಾದ. ಆಟೋ ಅಣ್ಣ, ನೀವು ಹೇಳಿದ ಬಣ್ಣದ ವಿಷಯ ಇವತ್ತೇ ನಮ್ಮ ಗುಂಪಿಗೆ ಹಾಕಿದೆ. ಇನ್ನು ಮೇಲೆ ಮೊದಲ ದಿನ ಹೇಳುವ ಮೊದಲ ಮಾತು ಅದೇ.

ಯಾದಗಿರಿಯವರು ಏನಾದರು ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ದೀರಿ. ಬಿಟ್ಟ ದಿನಗಳನ್ನು ಸೇರಿಸಿ ಪೂರ್ತಿ ಮುಗಿಸಿದರು. ಕೊನೆಯ ಕಫ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. 43 ಕೆಜಿ ಇದ್ದವರು 51 ಆಗಿದ್ದಾರೆ. ಈಗ ಮತ್ತೆ ಕಂಬಿ ಕಟ್ಟುತ್ತಿದ್ದಾರೆ.

ಇವತ್ತು ಸಂಜೆ ಅವರ ಹೆಂಡತಿ ಫೋನ್ ಮಾಡಿದ್ದರು. ನಾಲ್ಕು ಶೆಡ್ ಆಚೆ ರಾಯಚೂರಿನ ಒಬ್ಬ ಹುಡುಗಿಗೆ ಒಂದು ತಿಂಗಳಿಂದ ಕೆಮ್ಮಂತೆ, ರಾತ್ರಿ ಬೆವರಂತೆ. "ಹೋದ ಸಲ ನೀವ್ ಕರಕೊಂಡ್ ಹೋಗಿದ್ರೆಲ್ರೀ ಅಕ್ಕಾರ, ಆ ದವಾಖಾನಿಗಿ ಯಾವ ಬಸ್ಸು?" ಅಂತ ಕೇಳಿದರು. ನಾಳೆ ನನಗೆ ಆಫೀಸಲ್ಲಿ ಬೆಳಿಗ್ಗೆಯೇ ಮೀಟಿಂಗ್. ನಾನೇ ಬರುತ್ತೇನೆ, ಬುಧವಾರ ಹೋಗೋಣ ಅಂದೆ. ಅವರು ಬ್ಯಾಡ್ರೀ ಅಂದರು. ತಾವೇ ಕರೆದುಕೊಂಡು ಹೋಗುತ್ತಾರಂತೆ.

ಬಸ್ ನಂಬರ್ ಹೇಳಿದೆ. ಆಧಾರ್ ಕಾರ್ಡ್ ಇಟ್ಟುಕೊಳ್ಳಿ, ಇಬ್ಬರಿಗೂ ಟಿಕೆಟ್ ದುಡ್ಡು ಬೇಡ ಅಂದೆ. ಬೆಳಗ್ಗೆ ಎದ್ದ ತಕ್ಷಣದ ಕಫ ಡಬ್ಬಿಯಲ್ಲಿ ಹಿಡಿಯಬೇಕು ಅಂತ ಹೇಳಲು ಬಾಯಿ ತೆಗೆದರೆ, "ಅದ ಗೊತ್ತೈತ್ರೀ, ಡಬ್ಬಿ ಮನ್ಯಾಗ ಐತಿ" ಅಂದರು. ಹುಡುಗಿಗೆ ಹೊಟ್ಟೆಗೆ ಏನು ಅಂತ ಕೇಳಿದೆ. ರೊಟ್ಟಿ ಕಟ್ಟಿಕೊಂಡು ಹೋಗುತ್ತಾರೆ.

ಆರೂವರೆ ಬಸ್ಸಿಗೆ ಹೊರಡುತ್ತಾರೆ. ರಿಪೋರ್ಟ್ ಬಂದ ಮೇಲೆ ಇಲ್ಲಿ ಬರೆಯುತ್ತೇನೆ.